ಅಕ್ಕನ ನಂತರ ತಂಗಿಯ ಸರದಿ

2009ರ ಮೇ ತಿಂಗಳು, ವಾಷಿಂಗ್ಟನ್. ಹದಿಮೂರರ ಹುಡುಗಿಯೊಬ್ಬಳು ಕೊರಳಿಗೆ ನಂಬರಿನ ಫಲಕ ತೂಗುಹಾಕಿಕೊಂಡು ಮೈಕಿನ ಮುಂದೆ ನಿಂತಿದ್ದಾಳೆ. ಪದ ಕಿವಿಗೆ ಬಿದ್ದದ್ದೇ ತಡ, ಅಂಗೈ ಮೇಲೆ ಬೆರಳಾಡಿಸಿ ಬರೆಯತೊಡಗುತ್ತಾಳೆ. ಪೆನ್ನಿಲ್ಲ, ಕಾಗದವಿಲ್ಲ, ಕಾಪಿ ಹೊಡೆಯುತ್ತಿದ್ದಾಳೆಂದು ಹಿಡಿಯಲು ಅಂಗೈಯಲ್ಲಿ ಒಂದಕ್ಷರವೂ ಇಲ್ಲ. ಇವಳು ಕ್ಯಾನ್ಸಸ್ ರಾಜ್ಯದ ಕಾವ್ಯಾ ಶಿವಶಂಕರ್, ಕರ್ನಾಟಕ ಮೂಲದ ಮನೆಯ ಮಗಳು. ಸ್ಪರ್ಧೆ, 1925ರಿಂದ ಅಮೆರಿಕದ ಮಕ್ಕಳ ನಿದ್ದೆ ಕೆಡಿಸುತ್ತ ಬಂದಿರುವ ನ್ಯಾಷನಲ್ ಸ್ಪೆಲಿಂಗ್ ಬೀ.

ಕಾವ್ಯಾ ಒಂದೇ ಏಟಿಗೆ ಗೆದ್ದವಳಲ್ಲ. 2006ರಲ್ಲಿ 10ನೆಯ ಸ್ಥಾನ, ಮರುವರ್ಷ 8, ಅದರ ಮರುವರ್ಷ 4. ಈ ಲೆಕ್ಕ ಎತ್ತ ಸಾಗಿದೆಯೆಂದು ಉಳಿದ 292 ಸ್ಪರ್ಧಿಗಳು ಮೊದಲೇ ಊಹಿಸಬಹುದಿತ್ತು.

ಸ್ಪರ್ಧೆಯ ನಿಜವಾದ ಮಜಾ ಇರುವುದು ಸ್ಪೆಲಿಂಗಿನಲ್ಲಲ್ಲ, ಅದಕ್ಕೆ ಮೊದಲಿನ ವಿಚಾರಣೆಯಲ್ಲಿ. ಪದ ಯಾವ ಭಾಷೆಯಿಂದ ಬಂತು, ಅರ್ಥವೇನು, ಬೇರೆ ಉಚ್ಚಾರ ಉಂಟೇ, ಒಂದು ವಾಕ್ಯದಲ್ಲಿ ಬಳಸಿ ತೋರಿಸುತ್ತೀರಾ? ಸ್ಪೆಲಿಂಗ್ ನಾಲಿಗೆಯ ತುದಿಯಲ್ಲಿದ್ದರೂ ಮಕ್ಕಳು ಪದದ ಗೋತ್ರ, ಪ್ರವರವನ್ನೆಲ್ಲ ಕೇಳಿಯೇ ಬಾಯಿ ಬಿಡುವುದು. ಪದ ಓದಿ ಹೇಳುವ ಜಾಕ್ ಬೇಯ್ಲಿ ಅಷ್ಟಕ್ಕೂ ಶಾಂತವಾಗಿ ಉತ್ತರಿಸುತ್ತಾರೆ. ಅವರೂ 1980ರಲ್ಲಿ ಇದೇ ಸ್ಪರ್ಧೆ ಗೆದ್ದವರು; ಮಕ್ಕಳ ಉಪಾಯ ಅವರಿಗೆ ತಿಳಿಯದ್ದೇನಲ್ಲ.

ಕೇಳುವುದರಲ್ಲೂ ಎಡವಟ್ಟಾಗುತ್ತದೆ. 2008ರಲ್ಲಿ ಸಮೀರ್ ಮಿಶ್ರಾಗೆ ಬಂದ ಪದ 'ನಮ್ನಾ', ಕುದುರೆಯ ಜೀನಿನಡಿ ಹಾಸುವ ಮೆತ್ತೆ. ಅವನ ಕಿವಿಗೆ ಬಿದ್ದದ್ದು 'ನಂಬ್‌ನಟ್', ಅಂದರೆ ಪೆದ್ದುಗುಂಡ. ತನ್ನನ್ನೇ ಬೈದರೇನೋ ಎಂಬಂತೆ ಅವನು ಕಣ್ಣರಳಿಸಿ ತಿರುಗಿ ಕೇಳಿದ, ಸಭೆಗೆ ಸಭೆಯೇ ಬಿದ್ದೂ ಬಿದ್ದೂ ನಕ್ಕಿತು. ಆ ವರ್ಷ ಗೆದ್ದವನೂ ಅವನೇ!

ಮರುವರ್ಷ ಕಾವ್ಯಾಗೆ ಕಿರೀಟ ತೊಡಿಸಿದ ಪದ 'ಲೇಒಡಿಸಿಯನ್'. ಧರ್ಮ, ರಾಜಕೀಯದಂಥ ವಿಷಯಗಳಲ್ಲಿ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಉದಾಸೀನವಾಗಿರುವವನು ಎಂದು ಅರ್ಥ. ನಾಲ್ಕು ವರ್ಷ ಬಿಡದೆ ಹಟ ಹಿಡಿದವಳಿಗೆ ಇದನ್ನು ಕೊಟ್ಟ ಸಂಘಟಕರ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು.

ಒಮ್ಮೆ ಗೆದ್ದವರು ಮತ್ತೆ ಸ್ಪರ್ಧಿಸುವಂತಿಲ್ಲ. ಮನೆಯಲ್ಲಿ ಪದಗಳ ಗಲಾಟೆ ಇನ್ನು ನಿಲ್ಲುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ತಂಗಿ ವನ್ಯಾಳನ್ನು ಮರೆತಿದ್ದರು. ಅಕ್ಕನ ಲಂಗ ತಂಗಿಗೆ ಬರುವುದು ಎಲ್ಲ ಮನೆಗಳಲ್ಲೂ ಉಂಟು; ಇಲ್ಲಿ ಸ್ಪರ್ಧೆಯೇ ಬಂತು. 2010ರಲ್ಲಿ, ಎಂಟರ ಹರೆಯದಲ್ಲೇ, ಅವಳು ಅದೇ ಮೈಕಿನ ಮುಂದೆ ನಿಂತಳು. ಗೆಲ್ಲಲು 2015ರವರೆಗೆ ಕಾಯಬೇಕಾಯಿತು, ಗೋಕುಲ್ ವೆಂಕಟಾಚಲಂ ಜೊತೆ ಜಂಟಿಯಾಗಿ. ಹಿಂದಿನ ಚಾಂಪಿಯನ್ನರ ಒಡಹುಟ್ಟಿದವರು ಗೆದ್ದದ್ದು ಅದೇ ಮೊದಲು.

ಆ ಹೆಗ್ಗಳಿಕೆ ಒಂಟಿಯಾಗಿ ಉಳಿದದ್ದು ಒಂದೇ ವರ್ಷ. 2014ರ ಜಂಟಿ ವಿಜೇತ ಶ್ರೀರಾಮ್ ಹತ್ವಾರ್‌ನ ತಮ್ಮ ಜೈರಾಮ್ 2016ರಲ್ಲಿ ಗೆದ್ದ. ಹತ್ವಾರ್ ಎಂಬ ಹೆಸರು ಕೇಳಿದರೆ ಉಡುಪಿ ಕಡೆಯವರು ಕಿವಿ ನೆಟ್ಟಗೆ ಮಾಡಿಕೊಂಡಾರು. ತಮ್ಮನದೂ ಜಂಟಿ ಗೆಲುವೇ. ಅವನೊಂದಿಗೆ ಟ್ರೋಫಿ ಹಿಡಿದ ನಿಹಾರ್ ಜಂಗಾಗೆ ಆಗ ಹನ್ನೊಂದು ವರ್ಷ. ಪದದ ಅರ್ಥವೇನೆಂದು ಬೇಯ್ಲಿಯವರನ್ನು ಕೇಳುವುದರ ಬದಲು ಈ ಪೋರ ಅವರಿಗೇ ಅರ್ಥ ಹೇಳಿ, ಸರಿಯಿದೆಯೇ ಎಂದು ವಿಚಾರಿಸುತ್ತಿದ್ದ.