ಬಾಲಗ್ರಂಥ ನಿಷೇಧ ಮೀಮಾಂಸೆ (ಸಿಂಗಸಂದ್ರ ಶಾಖೆ)

ಮಕ್ಕಳ ಪುಸ್ತಕವನ್ನು ಲೈಬ್ರರಿಯಿಂದ ಹೊರಹಾಕುವುದೂ ಒಂದು ಶಾಸ್ತ್ರ. ಪ್ರಥಮ ಸೂತ್ರ: ದೂರು ಕೊಡುವವರು ಪುಸ್ತಕ ಓದಿರಕೂಡದು. ಓದಿದರೆ ಪಕ್ಷಪಾತ ಬಂದೀತು.

ಪೂರ್ವಾಚಾರ್ಯರನ್ನು ನೋಡೋಣ. 1931ರಲ್ಲಿ ಚೀನಾದ ಹುನಾನ್ ಪ್ರಾಂತ್ಯದಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ಗೆ ನಿಷೇಧ ಬಿತ್ತು, ಪ್ರಾಣಿಗಳು ಮನುಷ್ಯರ ಹಾಗೆ ಮಾತಾಡುತ್ತವೆಂಬುದೇ ಅಪರಾಧ. ಈ ನ್ಯಾಯದಂತೆ ನಮ್ಮ ದುರ್ಗಸಿಂಹ ಮಹಾಪಾತಕಿ. ಅವನ ‘ಪಂಚತಂತ್ರ’ದ ನರಿಗಳು 1031ರಲ್ಲೇ, ಸರಿಯಾಗಿ ಒಂಬೈನೂರು ವರ್ಷ ಮುಂಚೆ, ರಾಜನೀತಿ ಮಾತಾಡಿ ಮುಗಿಸಿದ್ದವು. 2014ರಲ್ಲಿ ಸಿಂಗಪುರದಲ್ಲಿ ಎರಡು ಗಂಡು ಪೆಂಗ್ವಿನ್‌ಗಳು ಮರಿ ಸಾಕಿದ ಕಥೆಗೆ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಬಡ್ತಿ ಸಿಕ್ಕಿತು.

ನಮ್ಮವರೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಹತ್ತನೇ ತರಗತಿಯ ಕನ್ನಡ ಪಠ್ಯದಿಂದ ಲಂಕೇಶರ ‘ಮೃಗ ಮತ್ತು ಸುಂದರಿ’, ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಎದ್ದುಹೋದವು. ಆದರೆ ಈ ಮಾರ್ಗ ದುಬಾರಿ: ಸಮಿತಿ, ಸುತ್ತೋಲೆ, ಟೀವಿ ಚರ್ಚೆ. ಗಲಾಟೆ ಕೇಳಿ ನಾಲ್ಕು ಜನ ಹುಡುಕಿ ಓದಿಬಿಡುವ ಅಪಾಯ ಬೇರೆ.

ಸಿಂಗಸಂದ್ರ ಪಂಥದ ಹಿರಿಮೆ ಇರುವುದು ಇಲ್ಲೇ. ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರ ಎಲ್ಲರೂ ಕಟ್ಟುತ್ತೇವೆ, ಮುಂದಿನದು ದೈವೇಚ್ಛೆ. ಹೊಸೂರು ರಸ್ತೆ ಬದಿಯ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸನ್ನು ಊಹಿಸಿಕೊಳ್ಳಿ. ಗಾಜಿನ ಬೀರು, ಒಳಗೆ ಕಥೆಪುಸ್ತಕ, ಹೊರಗೆ ಬೀಗ.

“ಅಂಕಲ್, ಕೀ?”

“ನೈಟ್ ಶಿಫ್ಟ್‌ನೋರ ಹತ್ರ ಐತೆ ಪುಟ್ಟಾ.”

ನೈಟ್ ಶಿಫ್ಟ್‌ನವರು ಬರುವ ಹೊತ್ತಿಗೆ ಪುಟ್ಟ ಒಲಿಂಪಿಯಾಡ್ ಟ್ಯೂಷನ್‌ನಲ್ಲಿರುತ್ತಾನೆ. ಆದೇಶವಿಲ್ಲ, ಪ್ರತಿಭಟನೆಯಿಲ್ಲ, ನಿಷೇಧ ಸಂಪೂರ್ಣ.

ಆದರೂ ಒಂದು ಪುಸ್ತಕ ಚರ್ಚೆಗೆ ಬಂತೆನ್ನಿ: ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಕಾವ್ಯದ ಬೊಮ್ಮನಹಳ್ಳಿ ಇರುವುದು ತುಂಗೆಯ ದಡದಲ್ಲಿ, ನಮ್ಮ ಪಕ್ಕದ್ದಲ್ಲ ಎಂದು ಒಬ್ಬ ನಿವೃತ್ತ ಮೇಷ್ಟರು ಹೇಳಹೋದರು. ಅವರನ್ನು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮ್ಯೂಟ್ ಮಾಡಲಾಯಿತು. ಮಕ್ಕಳ ಅಪಹರಣ ಎಂದರು ಒಬ್ಬರು. ಇಲಿಗಳ ಮೇಲಿನ ಹಿಂಸೆ ಎಂದರು ಇನ್ನೊಬ್ಬರು. ಜೋಗಿಯ ಬಳಿ ಗೇಟ್ ಪಾಸ್ ಇತ್ತೇ ಎಂಬುದು ಸೆಕ್ಯುರಿಟಿ ಉಪಸಮಿತಿಯ ಪ್ರಶ್ನೆ.

ನಿರ್ಣಾಯಕ ಆಕ್ಷೇಪ ಎತ್ತಿದವರು ಖಜಾಂಚಿ. ಇಲಿ ಓಡಿಸಿದವನಿಗೆ ಒಪ್ಪಿದ ಕೂಲಿ ಕೊಡದ ಗೌಡನನ್ನು ಕವಿ ವಿನಾಕಾರಣ ಕೆಟ್ಟವನನ್ನಾಗಿ ಚಿತ್ರಿಸಿದ್ದಾರೆ. ಪೆಸ್ಟ್ ಕಂಟ್ರೋಲ್‌ನವರ ಬಿಲ್ಲು ಮೂರು ತಿಂಗಳಿಂದ ಬಾಕಿ ಇರುವಾಗ ಇಂಥ ಸಾಹಿತ್ಯ ಸಂಘದ ಹಿತಕ್ಕೆ ಮಾರಕ. ಶಾಸ್ತ್ರ ಮುರಿದು ಪುಸ್ತಕ ಓದಿದ್ದವರು ಅವರೊಬ್ಬರೇ.