ಕಟ್ಟಿ ಮ್ಯಾಲ ಹುಲಿ, ಕಾಲ್‌ನ್ಯಾಗ ಇಲಿ

ಸ್ವಲ್ಪ ಹತ್ರ ಬರ್ರಿ, ಗುಟ್ಟಿನ ಮಾತೈತಿ. ಮನಿ ರೋಣದಾಗ, ಕಂಪನಿ ಬೆಂಗಳೂರಾಗ, ಮಾಡೂದು ಡಿಸೈನ್ ಕೆಲಸ. ಬೆನ್ನ ಹಿಂದಿನ ಜ್ವಾಳದ ಚೀಲ ಕಾಣಬಾರದಂತ ಪುಸ್ತಕದ ಕಪಾಟಿನ ಬ್ಯಾಕ್‌ಗ್ರೌಂಡ್ ಬ್ಯಾರೆ! (ಹೆದರಬ್ಯಾಡ್ರಿ, ನಾ ಯಾರಿಗೂ ಹೇಳಂಗಿಲ್ಲ.) ಯಾರ ಸುದ್ದಿ ಅಂದ್ರಿ? ನಿಮ್ಮದ!

ಸಂಜಿಮುಂದ ಕಟ್ಟಿ ಮ್ಯಾಲ ಕುಂತಾಗ ನಿಮ್ಮ ಬಾಯಿ ನೋಡಬೇಕು. ಎದುರುಮನಿಯವರು ಬಾಗಲಾ ಇಟ್ಟದ್ದು ತಪ್ಪು, ಮದವಿ ಕಾರ್ಡಿನ ಗಣಪತಿ ಸೊಂಡಿ ತಪ್ಪು. ಗಜೇಂದ್ರಗಡದ ಗುಡ್ಡದ ಮ್ಯಾಲಿನ ಗಾಳಿಯಂತ್ರ ಸೈತ ನಿಮ್ಮನ್ನ ಕೇಳಿ ನಿಲ್ಲಿಸಬೇಕಿತ್ತು. ಮಿರ್ಚಿ ತಣ್ಣಗಾಗೂದ್ರಾಗ ಅರ್ಧ ಊರಿನ ಡಿಸೈನ್ ಬದಲಿ!

ಮರುದಿನ ಮುಂಜಾನೆ ಹತ್ತಕ್ಕ ಕಾಲ್. ‘ಎನಿ ಥಾಟ್ಸ್?’ ಅಂತ ಕೇಳಿದ್ರ ನೀವು ಮ್ಯೂಟ್. ಮತ್ತ ಕೇಳಿದ್ರ ‘ಲುಕ್ಸ್ ಗುಡ್’. ನರಗುಂದದ ಅರಸ ಬಾಬಾಸಾಹೇಬ 1858ರಾಗ ಇಡೀ ಕಂಪನಿ ಸರಕಾರಕ್ಕ ಎದುರ ಬಿದ್ದಾವ. ನಿಮಗ ಒಂದು ಕಂಪನಿ ಮ್ಯಾನೇಜರ್‌ಗೆ ‘ಆ ಬಣ್ಣ ಚಲೋ ಇಲ್ರಿ’ ಅನ್ನಾಕ ಬಾಯಿ ಬರವಲ್ದು.

ಡಿಸೈನ್ ಮಾಡೂ ಫಿಗ್ಮಾ ಆ್ಯಪಿನಾಗಂತೂ ಎಲ್ಲಾರ ಕರ್ಸರೂ ಹೆಸರು ಹಾಕ್ಕೊಂಡು ಓಡಾಡ್ತಾವ. ಬ್ಯಾರೆಯವರು ಬಂದ ಕೂಡ್ಲೆ ನಿಮ್ಮ ಕರ್ಸರ್ ಮೂಲಿ ಹಿಡಿತೈತಿ, ಮಾವನ ಮುಂದ ಹೊಸಾ ಸೊಸಿ ನಿಂತಂಗ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಮಾತ್ರ ಬಂದು ಬಟನ್ ಎರಡು ಪಿಕ್ಸೆಲ್ ಎಡಕ್ಕ ಸರಸ್ತೀರಿ. (ಯಾರು ಸರಿಸಿದ್ದಂತ ವರ್ಷನ್ ಹಿಸ್ಟರಿಯೊಳಗ ಕಾಣತೈತಿ, ಗೊತ್ತಿಲ್ಲೇನು?) ಹಗಲ ಯಾಕ ಬರಲಿಲ್ಲಂತ ಕೇಳಿದ್ರ ‘ನೆಟ್‌ವರ್ಕ್ ಇರಲಿಲ್ರಿ’. ಕ್ರಿಕೆಟ್ ಮ್ಯಾಚಿಗೆ ಹೆಂಗ ಇರತೈತ್ರಿ ಅದು?

ಹೋಗ್ಲಿ ಬಿಡ್ರಿ, ತಪ್ಪೆಲ್ಲಾ ನಿಮ್ಮದಲ್ಲ. ಬ್ರಕ್ಸ್, ಲೆವಾವ್ ಅನ್ನೋ ಇಬ್ಬರು ಸಂಶೋಧಕರು 2022ರಾಗ ‘ನೇಚರ್’ ಪತ್ರಿಕೆಯೊಳಗ ಬರದಾರ: ಎದುರುಬದುರು ಕುಂತ ಜೋಡಿಗಳಿಗಿಂತ ವಿಡಿಯೋ ಕಾಲ್‌ನ ಜೋಡಿಗಳಿಗೆ ಹೊಳೆಯೂ ಐಡಿಯಾ ಕಮ್ಮಿ. ಯಾಕ? ಕಣ್ಣು ಪರದೆಗೇ ಅಂಟ್ಕೊಂಡಿರತೈತಿ, ತಲಿನೂ ಅಲ್ಲೇ ಅಂಟತೈತಿ. (ನಿಮ್ಮ ಕಣ್ಣು ಪರದೆಯೊಳಗ ಎಲ್ಲಿರತೈತಿ ನನಗ ಗೊತ್ತು. ನಿಮ್ಮ ಮಾರಿ ಕಾಣೂ ಸಣ್ಣ ಚೌಕದಾಗ. ಕ್ರಾಪು ಸರಿ ಐತಿ ಬಿಡ್ರಿ.)

ಈಗ ತಿಳೀತಿಲ್ಲೋ ಕಟ್ಟಿ ಮಹಿಮಾ? ಅಲ್ಲಿ ಕಣ್ಣು ಬಸ್ಸಿನಿಂದ ಇಳದವರ ಮ್ಯಾಲ ಅಷ್ಟೊತ್ತು, ಓಡಿಹೋಗೂ ಆಡಿನ ಮ್ಯಾಲ ಅಷ್ಟೊತ್ತು. ಮಾತು ಅದರ ಹಿಂದ ಅಡ್ಡಾಡತೈತಿ. ಆದ್ರ ಒಂದು ಮಾತು. ಬಂದ ಐಡಿಯಾದಾಗ ಚಲೋದನ್ನ ಆರಿಸೂ ಕೆಲಸಕ್ಕ ವಿಡಿಯೋ ಏನೂ ಕಮ್ಮಿ ಇಲ್ಲಂತ ಆ ಬ್ರಕ್ಸ್, ಲೆವಾವ್ ಅವರ ಹೇಳ್ಯಾರ.

ಇನ್ನೊಂದು ಹಳೇ ಸಂಶೋಧನೆ ಐತಿ, 1987ರದ್ದು, ಡೀಲ್ ಮತ್ತ ಸ್ಟ್ರೋಬೆ ಅವರದು. ಒಬ್ಬರು ಮಾತಾಡಾಕತ್ರ ಉಳದವರು ಪಾಳಿ ಕಾಯಬೇಕು, ಅದರಾಗ ಐಡಿಯಾ ತಡದು ನಿಲ್ಲತಾವ. ನಿಮ್ಮವ್ವ ಕೌದಿ ಹೊಲಿಯೂದು ನೋಡೀರಲ್ಲ? ಓಣಿ ಹೆಣ್ಣಮಕ್ಕಳು ಸುತ್ತ ಕುಂತು ಒಮ್ಮೆಲೇ ಸೂಜಿ ಹಾಕ್ತಾರ. ‘ಅಕ್ಕಾರ, ನಿಮ್ಮದಾತೇನ್ರಿ, ನಾ ಅನ್‌ಮ್ಯೂಟ್ ಆಗಲೇನ್ರಿ’ ಅಂತ ಯಾರರೆ ಕೇಳ್ತಾರೇನು?

ಅದಕ್ಕ ನಾಳೆ ಹಿಂಗ ಮಾಡ್ರಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ಬಂದ್, ಮೈಕ್ ಬಂದ್. ಅಂಗಳದಾಗ ಒಂದು ಸುತ್ತು ಹಾಕಿ ಬಂದು ಎಲ್ಲಾರೂ ಒಮ್ಮೆಲೇ ಆನ್‌ಲೈನ್ ಬೋರ್ಡ್ ಮ್ಯಾಲ ಚೀಟಿ ಅಂಟಸ್ರಿ, ಹೆಸರು ಬ್ಯಾಡ. ಆಮ್ಯಾಲ ಕ್ಯಾಮೆರಾ ಹಚ್ಚಿ, ಕುಂತು ಆರಸ್ರಿ. ಆರಸೂ ಮುಂದ ಕಟ್ಟಿ ಮ್ಯಾಲಿನ ನಾಲಿಗಿ ಜೋಡಿಗೆ ತರೂದು ಮರೀಬ್ಯಾಡ್ರಿ.

ಇಷ್ಟೊತ್ತು ಒಬ್ಬಾಕೀನೇ ಮಾತಾಡೇನಿ. ಏನನಿಸ್ತು, ಹೇಳ್ರಿ ನೋಡೂಣು?

ಏನಂದ್ರಿ? ‘ಚಲೋ ಐತ್ರಿ’ ಅಂದ್ರ್ಯಾ?

ಅಯ್ಯ ನಮ್ಮಪ್ಪಾ, ಅದ ‘ಲುಕ್ಸ್ ಗುಡ್’ ಅಲ್ಲೇನ್ರಿ!