ಹತ್ತು ಕಡೆ ಬಂದಿದೆ ಮಾರಾಯ್ರೆ!

ಸುದ್ದಿ ಆ್ಯಪ್ ಎಂದರೆ ಸ್ವಂತ ವರದಿಗಾರರಿಲ್ಲದ ಪತ್ರಿಕೆ. ಅದು ಯಾವ ಅಪಘಾತವನ್ನೂ ಕಣ್ಣಾರೆ ಕಾಣುವುದಿಲ್ಲ, ಯಾವ ಠಾಣೆಗೂ ಫೋನು ಹಚ್ಚುವುದಿಲ್ಲ, ಪುರಭವನದ ಸನ್ಮಾನ ಸಮಾರಂಭದಲ್ಲಿ ಕೊನೆಯ ವಂದನಾರ್ಪಣೆಯವರೆಗೆ ಕೂರುವ ಶಿಕ್ಷೆಯನ್ನೂ ಅನುಭವಿಸುವುದಿಲ್ಲ. ಕಂಡವರು ಬರೆದದ್ದನ್ನು, ಕಾಣದವರು ಬರೆದದ್ದನ್ನು, ಕಂಡವರಿಂದ ಕೇಳಿದವರ ನೆಂಟರು ಬರೆದದ್ದನ್ನು ಒಂದೇ ಅಳತೆಯ ಚೌಕಗಳಲ್ಲಿ ಸಾಲಾಗಿ ಜೋಡಿಸುತ್ತದೆ. ಜೋಡಿಸುವುದು ಯಂತ್ರವಾದ್ದರಿಂದ ಅದಕ್ಕೆ ಸಂಕೋಚವೂ ಇಲ್ಲ. ಮಂಗಳೂರಿನ ಓದುಗ ಬೆಳಗಿನ ಚಹಾಕ್ಕೆ ಮೊದಲೇ ಈ ಚೌಕಗಳನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳತೊಡಗುತ್ತಾನೆ.

ಸುದ್ದಿ ಒಟ್ಟುಮಾಡುವ ಕೆಲಸ ಈ ಊರಿಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಲ್ಲಿಂದಲೇ ಹೊರಟಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ ಅದು. ಊರ ವರ್ತಮಾನ, ಸರಕಾರದ ಆಜ್ಞೆ, ಬೇರೆ ರಾಜ್ಯಗಳ ಸಂಗತಿ, ಕಥೆ, ಬುದ್ಧಿಮಾತು ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಕಚೇರಿಯ ಕಡೆಯಿಂದ ಬಂದವನನ್ನು ದಾರಿಯಲ್ಲಿ ನಿಲ್ಲಿಸಿ ವರ್ತಮಾನ ಕೇಳುವ ಚಾಳಿಯನ್ನೂ, ಹಾಗೆ ಹುಟ್ಟಿದ ಮಾತು ಮರುದಿನ ಸುಳ್ಳಾಗುವುದನ್ನೂ ಮೋಗ್ಲಿಂಗ್ ಮೊದಲ ಸಂಚಿಕೆಯ ಪೀಠಿಕೆಯಲ್ಲೇ ಪ್ರಸ್ತಾಪಿಸಿದ. ಗಾಳಿಮಾತು ತಾಳಲಾರದೆ ಪತ್ರಿಕೆ ಹೊರಡಿಸಿದ ಊರಿನಲ್ಲಿ ಗಾಳಿಮಾತು ಈಗ ಪತ್ರಿಕೆಯ ವೇಷ ಹಾಕಿಕೊಂಡು ಓಡಾಡುತ್ತದೆ. ಯಕ್ಷಗಾನದ ನಾಡಿನಲ್ಲಿ ವೇಷಕ್ಕೆ ಬೆಲೆ ಹೆಚ್ಚು.

ಯಂತ್ರದಿಂದ ಸುದ್ದಿ ಜೋಡಿಸುವ ಈಗಿನ ಪದ್ಧತಿಗೂ ಕರ್ನಾಟಕದ ನಂಟಿದೆ. 2002ರಲ್ಲಿ ಬಂದ ಗೂಗಲ್ ನ್ಯೂಸನ್ನು ರೂಪಿಸಿದವರು ಬೆಂಗಳೂರಿನಲ್ಲಿ ಬೆಳೆದ ಕೃಷ್ಣ ಭರತ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಒಂದೇ ಘಟನೆಯನ್ನು ಬೇರೆ ಬೇರೆ ಪತ್ರಿಕೆಗಳು ಹೇಗೆ ಕಂಡಿವೆ ಎಂದು ಒಂದೆಡೆ ನೋಡುವಂತಿರಬೇಕು ಎಂಬ ಯೋಚನೆಯಿಂದ ಅದು ಹುಟ್ಟಿತು. ಇನ್ನು ಡೈಲಿಹಂಟ್. ಅದನ್ನು 2009ರಲ್ಲಿ ‘ನ್ಯೂಸ್‌ಹಂಟ್’ ಎಂಬ ಹೆಸರಿನಲ್ಲಿ ಶುರುಮಾಡಿದವರು ನೋಕಿಯಾದ ಮಾಜಿ ಉದ್ಯೋಗಿಗಳಾದ ಉಮೇಶ್ ಕುಲಕರ್ಣಿ ಮತ್ತು ಚಂದ್ರಶೇಖರ್ ಸೊಹೊನಿ. 2015ರಲ್ಲಿ ಹೆಸರು ಬದಲಾಯಿತು. ಭಾರತೀಯ ಭಾಷೆಗಳ ಪತ್ರಿಕೆಗಳನ್ನು ಅಗ್ಗದ ಫೋನಿಗೂ ತಲುಪಿಸಿದ್ದು ಸಣ್ಣ ಸಾಧನೆಯಲ್ಲ. ಯೋಚನೆ ಎರಡು ಕಡೆಯೂ ಒಳ್ಳೆಯದೇ ಇತ್ತು. ಎಡವಟ್ಟು ಶುರುವಾದದ್ದು ಓದುಗನ ಲೆಕ್ಕಾಚಾರದಲ್ಲಿ.

ಆ ಲೆಕ್ಕಾಚಾರ ಹೀಗಿದೆ: ಸುದ್ದಿ ಒಂದು ಕಡೆ ಬಂದರೆ ಅನುಮಾನ, ಮೂರು ಕಡೆ ಬಂದರೆ ನಂಬಿಕೆ, ಹತ್ತು ಕಡೆ ಬಂದರೆ ಪ್ರಮಾಣ. ಸುಳ್ಳೆಂದು ಯಾರಾದರೂ ಹೇಳಿದರೆ “ಹತ್ತು ಕಡೆ ಬಂದಿದೆ ಮಾರಾಯ್ರೆ, ಎಲ್ಲರೂ ಸುಳ್ಳು ಹೇಳ್ತಾರಾ?” ಎಂಬ ಉತ್ತರ ತಯಾರಾಗಿರುತ್ತದೆ. ಆ ಹತ್ತನ್ನೂ ತೆರೆದು ಸಾಲು ಸಾಲಾಗಿ ಓದಿದರೆ ಎಲ್ಲದರಲ್ಲೂ ಅದೇ ಎರಡನೆಯ ವಾಕ್ಯ, ಅದೇ ಅಲ್ಪವಿರಾಮ. ಒಂದು ಸುದ್ದಿಸಂಸ್ಥೆಯ ವರದಿಯನ್ನು ಚಂದಾ ಕೊಟ್ಟ ಪತ್ರಿಕೆಗಳೆಲ್ಲ ಹಾಕಿಕೊಳ್ಳುವುದು ನ್ಯಾಯವಾದ ವ್ಯವಹಾರ. ಅಲ್ಲಿ ಸಾಕ್ಷಿ ಒಬ್ಬನೇ ಎಂದು ನೆನಪಿದ್ದರೆ ಸಾಕು. ಚಂದಾ ಕೊಡದೆ ಎತ್ತಿಕೊಂಡವರದ್ದು ಬೇರೆ ಪಂಗಡ. ಅವರು ಗುರುತು ಸಿಗದಿರಲೆಂದು ಅಲ್ಲಲ್ಲಿ ಪದ ಬದಲಿಸುತ್ತಾರೆ. ಮೂಲದಲ್ಲಿ ‘ಗಾಯ’ವಾದವನು ಎರಡನೆಯವರಲ್ಲಿ ‘ಗಂಭೀರ’ನಾಗಿ ಮೂರನೆಯವರಲ್ಲಿ ‘ಸಾವು ಬದುಕಿನ ನಡುವೆ’ ಹೋರಾಡುತ್ತಾನೆ. ನಾಲ್ಕನೆಯ ವರದಿ ಬರುವ ಹೊತ್ತಿಗೆ ಆ ಮನುಷ್ಯ ಬ್ಯಾಂಡೇಜು ಕಟ್ಟಿಸಿಕೊಂಡು ಮನೆಗೆ ಹೋಗಿ ತನ್ನ ಅವಸ್ಥೆಯನ್ನು ತಾನೇ ಓದುತ್ತಿರುತ್ತಾನೆ. ಆದುದರಿಂದ ಎಣಿಸಬೇಕಾದದ್ದು ವರದಿಗಳನ್ನಲ್ಲ, ಸ್ಥಳದಲ್ಲಿ ಇದ್ದವರನ್ನು. ಯಾರು ನೋಡಿದರು, ಯಾರು ಹೇಳಿದರು, ಹೇಳಿದವರಿಗೆ ಹೆಸರಿದೆಯೇ ಎಂಬುದನ್ನು. ‘ಮೂಲಗಳ ಪ್ರಕಾರ’ ಎಂದಷ್ಟೇ ಇದ್ದರೆ ಆ ಮೂಲ ಮೇಲಿನ ಚೌಕದ್ದೇ ಆಗಿರುವ ಸಂಭವ ಹೆಚ್ಚು.

ಎರಡನೆಯ ಪರೀಕ್ಷೆ ತಾರೀಕಿನದು. ಇದರಲ್ಲಿ ಮಂಗಳೂರಿನವರು ಹುಟ್ಟು ಪಂಡಿತರು; ಬಂದರಿನ ಧಕ್ಕೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ ಇಲ್ಲಿ ಯಾರೂ ದರ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ‘ಈಗಷ್ಟೇ ಬಂದದ್ದು’ ಎಂದರೆ ಯಾವ ಐಸಿನ ಪೆಟ್ಟಿಗೆಯಿಂದ ಎಂಬ ಪ್ರಶ್ನೆ ಥಟ್ಟನೆ ಹೊರಡುತ್ತದೆ. ಅದೇ ಕೈ ಮೊಬೈಲು ಹಿಡಿದಾಗ ಮಾತ್ರ ಕಿವಿರು ಮರೆಯುತ್ತದೆ. ಆ್ಯಪಿನಲ್ಲಿ ‘2 ಗಂಟೆ ಹಿಂದೆ’ ಎಂದಿದ್ದರೆ ಅದು ಪುಟ ಹಾಕಿದ ಅಥವಾ ತಿದ್ದಿದ ಹೊತ್ತು. ಘಟನೆ ನಡೆದದ್ದು ಎರಡು ವರ್ಷದ ಹಿಂದೆಯೂ ಇರಬಹುದು. ಮಳೆಗಾಲಕ್ಕೊಮ್ಮೆ ಯಾವುದೋ ಹಳೆಯ ನೆರೆಯ ವಿಡಿಯೊ ಮತ್ತೆ ಹೊಸ ನೀರು ಕುಡಿದು ಹೊರಡುವುದು ಹೀಗೆಯೇ.

ತಾರೀಕಿಲ್ಲದ ಸುದ್ದಿಗೆ ಪಂಪ್‌ವೆಲ್ ಮೇಲ್ಸೇತುವೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ಕಾಮಗಾರಿ ವರ್ಷಗಟ್ಟಲೆ ನಡೆಯಿತು. ಗಡುವುಗಳು ಬಂದವು, ಹೋದವು. ಸೇತುವೆಗಿಂತ ಮೊದಲು ಅದರ ಬಗೆಗಿನ ಜೋಕುಗಳು ಪೂರ್ಣಗೊಂಡವು. ಕೊನೆಗೆ ಅದು ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು. ‘ಪಂಪ್‌ವೆಲ್ ಸೇತುವೆ ಶೀಘ್ರ ಪೂರ್ಣ’ ಎಂಬ ತಲೆಬರಹ ಅದಕ್ಕೆ ಮುಂಚಿನ ಯಾವ ವರ್ಷದ್ದೂ ಆಗಿರಬಹುದಿತ್ತು. ಅದನ್ನು ಹೊಸದೆಂದು ಮುಂದಿಟ್ಟ ಯಂತ್ರವನ್ನು ಬೈಯುವುದು ಕಷ್ಟ. ಅಷ್ಟೂ ಕಾಲ ಆ ಸುದ್ದಿ ತಾಜಾ ಆಗಿಯೇ ಇತ್ತು.

ಮೂರನೆಯದು ಊರು. ಯಂತ್ರಕ್ಕೆ ಅಕ್ಷರ ಗೊತ್ತು, ಭೂಗೋಳ ಅಷ್ಟಾಗಿ ಗೊತ್ತಿಲ್ಲ. ಉತ್ತರಾಖಂಡದ ಹರಿದ್ವಾರ ಜಿಲ್ಲೆಯಲ್ಲಿ ಮಂಗ್ಲೌರ್ ಎಂಬ ಊರಿದೆ. 2024ರ ಜುಲೈಯಲ್ಲಿ ಅಲ್ಲಿ ಉಪಚುನಾವಣೆ ನಡೆದಾಗ ಹೆಸರನ್ನು ಅವಸರದಲ್ಲಿ ಓದಿದವರಿಗೆ, ನಮ್ಮಲ್ಲಿ ಯಾವ ಶಾಸಕರು ರಾಜೀನಾಮೆ ಕೊಟ್ಟರು ಎಂದು ತಲೆ ಕೆರೆದುಕೊಳ್ಳಲು ಅವಕಾಶವಿತ್ತು. ಇದು ನಗುವ ಸಂಗತಿ. ನಗಲಾಗದ್ದೂ ಒಂದಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ಮ್ಯಾಂಗಲೂರ್ ಇದೆ, ಅದಕ್ಕೊಂದು ವಿಮಾನ ನಿಲ್ದಾಣವೂ ಇದೆ. 2020ರ ಫೆಬ್ರವರಿ 19ರಂದು ಅದರ ಹತ್ತಿರ ಎರಡು ಸಣ್ಣ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗಿ ನಾಲ್ವರು ಸತ್ತರು. 2010ರ ಮೇ 22ರಂದು ಬಜಪೆಯ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡ ಊರಿನಲ್ಲಿ ‘ಮ್ಯಾಂಗಲೂರ್, ವಿಮಾನ, ನಾಲ್ವರ ಸಾವು’ ಎಂಬ ಪದಗಳು ಒಟ್ಟಿಗೆ ಕಂಡರೆ ಎದೆ ಧಸಕ್ಕೆನ್ನದೆ ಇರುವುದಿಲ್ಲ. ರಾಜ್ಯದ ಹೆಸರು ಇದ್ದದ್ದು ವರದಿಯ ಒಳಗಿನ ಸಾಲಿನಲ್ಲಾದರೆ, ಚೌಕವನ್ನು ಮಾತ್ರ ನೋಡಿದವನಿಗೆ ಅದು ಸಿಗುವುದಿಲ್ಲ.

ತಲೆಬರಹಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒತ್ತಿದರೆ ಜಾಹೀರಾತಿನ ಹಣ, ಒತ್ತದಿದ್ದರೆ ಇಲ್ಲ. ಆದ್ದರಿಂದ ತಲೆಬರಹ ಸುದ್ದಿಯನ್ನು ಹೇಳುವ ಬದಲು ಬಚ್ಚಿಡುತ್ತದೆ. ‘ಖ್ಯಾತ ನಟ ಇನ್ನಿಲ್ಲ?’ ಎಂದಿದ್ದರೆ ಇದ್ದಾರೆ ಎಂದರ್ಥ. ‘ಚಿನ್ನದ ಬೆಲೆ ಭಾರೀ ಕುಸಿತ’ ಎಂದಿದ್ದರೆ ಒಂದು ಗ್ರಾಮಿಗೆ ಇಳಿದದ್ದೆಷ್ಟು ಎಂದು ನೋಡಿದ ನಂತರವೇ ಮದುವೆಯ ಮಾತು.

ಇನ್ನು ಓದುಗನ ರುಚಿ. ಯಾವುದನ್ನು ಒಮ್ಮೆ ಒತ್ತಿದರೂ ಆ್ಯಪ್ ಅದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಮೊಣಕಾಲು ನೋವಿನ ಲೇಖನವೊಂದನ್ನು ಓದಿದ ಕುದ್ರೋಳಿಯ ಹಿರಿಯರಿಗೆ ಮುಂದಿನ ವಾರವಿಡೀ ಜಗತ್ತಿನಲ್ಲಿ ಮೊಣಕಾಲುಗಳ ಹೊರತು ಬೇರೇನೂ ನಡೆಯುವುದಿಲ್ಲ. ಗಲ್ಫಿನಲ್ಲಿರುವ ಮಗನಿಗೆ ಊರ ಮಳೆ ಬೇಕು. ಆ್ಯಪ್ ಅವನಿಗೆ ಮಳೆಯನ್ನು ಧಾರಾಳವಾಗಿ ಸುರಿಸುತ್ತದೆ.

“ಅಮ್ಮ, ಊರಿಡೀ ಮುಳುಗಿದೆಯಂತೆ, ಹೊರಗೆ ಹೋಗ್ಬೇಡಿ!”

“ಇಲ್ಲಿ ಬಿಸಿಲು ಉಂಟು ಮಗ, ಹಪ್ಪಳ ಒಣಗಲಿಕ್ಕೆ ಹಾಕಿದ್ದೇನೆ.”

“ಇಲ್ಲಮ್ಮ, ಈಗಷ್ಟೇ ಬಂತು, ಎಲ್ಲ ಕಡೆ ಉಂಟು!”

ಅಮ್ಮ ಕಿಟಕಿಯ ಹೊರಗೆ ಒಮ್ಮೆ ಇಣುಕುತ್ತಾಳೆ. ಸಂಶಯ ಬಂದದ್ದು ಹಪ್ಪಳದ ಮೇಲೆ.

ಮಳೆಯ ಸುದ್ದಿಗೆ ಮೂಲ ಸುಲಭವಾಗಿ ಸಿಗುತ್ತದೆ. ಎಚ್ಚರಿಕೆಗೆ ಬಣ್ಣ ಕೊಡುವುದು ಹವಾಮಾನ ಇಲಾಖೆ; 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿದ ಮಳೆಯ ನಿರೀಕ್ಷೆ ಇದ್ದಾಗ ಕೆಂಪು. ಬಣ್ಣ ಜಿಲ್ಲೆಗೊಂದು ಇರುತ್ತದೆ, ‘ಕರಾವಳಿಗೆ ರೆಡ್ ಅಲರ್ಟ್’ ಎಂಬ ಚೌಕದಲ್ಲಿ ಮಾತ್ರ ತಲಪಾಡಿಯಿಂದ ಕಾರವಾರದ ತನಕ ಒಂದೇ ಕೆಂಪು. ಶಾಲೆಗೆ ರಜೆ ಸಾರುವುದು ಜಿಲ್ಲಾಧಿಕಾರಿ. ಜೋರು ಮಳೆಯ ಸಂಜೆ ಹಳೆಯ ರಜೆ ಆದೇಶವನ್ನು ತಿದ್ದಿ ಹರಿಯಬಿಡುವ ಕಲಾವಿದರೂ ಇದ್ದಾರೆ, ಅವರ ಕೃತಿ ಸುದ್ದಿಯ ಚೌಕಕ್ಕೂ ನುಸುಳುವುದುಂಟು. ಅಂಥ ಆದೇಶದಲ್ಲಿ ತಾರೀಕು ಮತ್ತು ವಾರ ಹೊಂದುತ್ತವೆಯೇ ಎಂದು ನೋಡಬೇಕು. ತಿದ್ದುವವರು ಅವಸರದಲ್ಲಿ ತಾರೀಕು ಬದಲಿಸಿ ವಾರವನ್ನು ಹಾಗೇ ಬಿಟ್ಟಿರಬಹುದು. ಟೀಚರುಗಳ ಕಣ್ಣಿಗೆ ಇದು ಕೂಡಲೇ ಬೀಳುತ್ತದೆ. ಮಕ್ಕಳ ಕಣ್ಣಿಗೆ ಬೀಳುವುದು, ರಜೆ ಭಾನುವಾರಕ್ಕೆ ಘೋಷಣೆಯಾಗಿದ್ದರೆ ಮಾತ್ರ.